ಕಂಸ ಹಾಕದ ಸಾಲು

"ನಮ್ಮವ್ವನ ಹೆಸರು ಇದರಲ್ಲಿ ಯಾಕಿದೆ?"

ನೇತ್ರಾವತಿ ಪಟ್ಟಿಯನ್ನು ರಾಜಶೇಖರನ ಕೀಬೋರ್ಡಿನ ಮೇಲೆಯೇ ಇಟ್ಟಳು.

2003ರ ಫೆಬ್ರವರಿ. ಸಕಲೇಶಪುರದ ಆ ಎಸ್ಟೇಟ್ ಕಚೇರಿಗೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ಅದನ್ನು ನಡೆಸಲು ಜೊತೆಗೇ ಬಂದವನು ರಾಜಶೇಖರ್. ಕಾಫಿ ಕೊಯ್ಲು ಮುಗಿದಿದ್ದರಿಂದ ವನಗೂರು, ಯಸಳೂರು ತೋಟಗಳ ಹಂಗಾಮಿ ಆಳುಗಳಿಗೆ ತೋಟ ಕೊಟ್ಟಿದ್ದ ಲೈನ್ ಮನೆ ಬಿಡಲು ನೋಟಿಸ್ ಹೋಗಬೇಕಿತ್ತು. ಆಳುಗಳ ತೋಟ, ಹೆಸರು, ಕಾಯಂ-ಹಂಗಾಮಿ ವಿವರವನ್ನು ಕಂಪ್ಯೂಟರಿಗೆ ಟೈಪ್ ಮಾಡಿದ್ದವಳು ಟೈಪಿಸ್ಟ್ ನೇತ್ರಾವತಿ; ಅದರಿಂದ ನೋಟಿಸಿನ ಪಟ್ಟಿ ತೆಗೆದವನು ಅವನೇ.

ಅವಳ ಅವ್ವ ಮುನಿಯಮ್ಮ ವನಗೂರಿನಲ್ಲಿ ಇಪ್ಪತ್ತೆರಡು ವರ್ಷದ ಕಾಯಂ ಆಳು. ನಿನ್ನೆ ಸಂಜೆ ಅವಳಿಗೂ ನೋಟಿಸ್ ಬಂದಿತ್ತು.

ಟೈಪಿಸ್ಟ್ ಹುಡುಗಿ ಏನೋ ಎಡವಟ್ಟು ಮಾಡಿರಬೇಕು ಎಂದು ಮ್ಯಾನೇಜರ್ ಸುಬ್ಬಯ್ಯ ಒಳಗಿನಿಂದಲೇ ಗೊಣಗಿದರು. ರಾಜಶೇಖರ್ ತುಟಿ ಬಿಚ್ಚಲಿಲ್ಲ.

ಇಷ್ಟೇನಾ ಇವನು? ದಿನಾ ನನ್ನ ಮೇಜಿಗೂ ಕಾಫಿ ತರಿಸುತ್ತಿದ್ದವನು...

"ಹುಡುಕೋಕೆ ಏನು ಬರೆದಿದ್ರಿ, ತೋರಿಸಿ," ಎಂದಳು ನೇತ್ರಾವತಿ.

ತೆರೆಯ ಮೇಲೆ ಒಂದೇ ಸಾಲು ಬಂತು.

ವನಗೂರು|ಯಸಳೂರು.*ಹಂಗಾಮಿ

ನಡುವಿನ ನೆಟ್ಟಗೆರೆ ಎಂದರೆ 'ಅಥವಾ', ಚುಕ್ಕಿ-ನಕ್ಷತ್ರ ಎಂದರೆ ಮಧ್ಯೆ ಏನಿದ್ದರೂ ಸರಿ ಎಂದು ಹಿಂದೊಮ್ಮೆ ಅವನೇ ಅವಳಿಗೆ ಹೇಳಿಕೊಟ್ಟಿದ್ದ. ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು. ಯಸಳೂರಿನಲ್ಲಿ ಹಂಗಾಮಿಗಳು ಮಾತ್ರ. ವನಗೂರಿನಲ್ಲಿ ನಲವತ್ತೊಂದು ಜನ, ಕಾಯಂ ಆದವರೂ ಸೇರಿ.

ಪೆನ್ಸಿಲ್ ತೆಗೆದು ಪಟ್ಟಿಯ ಅಂಚಿನಲ್ಲೇ ಬರೆದಳು.

(ವನಗೂರು|ಯಸಳೂರು).*ಹಂಗಾಮಿ

"ಎರಡೂರನ್ನ ಕಂಸದೊಳಗೆ ಕಟ್ಟಬೇಕಿತ್ತು. ನೀವು ಕಟ್ಟಲಿಲ್ಲ. ಆ ಗೆರೆ ಇಡೀ ಸಾಲನ್ನೇ ಎರಡು ತುಂಡು ಮಾಡಿದೆ. ಹಂಗಾಮಿ ಅನ್ನೋದು ಯಸಳೂರಿಗೆ ಮಾತ್ರ ಅಂಟ್ಕೊಂಡು, ವನಗೂರಿನವರೆಲ್ಲ ಬೀದಿಗೆ ಬಂದ್ರು."

ರಾಜಶೇಖರ್ ಕೀಬೋರ್ಡಿನತ್ತ ಬಾಗಿದ. ಕಂಸ ಹಾಕಿ ಮತ್ತೆ ಹುಡುಕಿದ. ವನಗೂರಿನಿಂದ ಬಂದದ್ದು ಹನ್ನೊಂದೇ ಹೆಸರು. ಮುನಿಯಮ್ಮ ಇರಲಿಲ್ಲ.

ಸುಬ್ಬಯ್ಯ ಹೊರಗೆ ಬಂದು ನೋಡಿ, ಕೂಡಲೇ ರದ್ದು ಪತ್ರ ಹೊರಡಲಿ ಎಂದರು. "ಟೈಪಿಂಗ್ ತಪ್ಪು ಅಂತ ಹಾಕ್ಬುಡಮ್ಮ, ಮುಗೀತು."

"ಹಾಕಲ್ಲ ಸಾರ್. ನನ್ನದಲ್ಲದ ತಪ್ಪು ನನ್ನ ಕೈಯಲ್ಲೇ ಬರೆಯಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ."

ಕುರ್ಚಿ ಸರಿದ ಸದ್ದಾಯಿತು.

"ತಪ್ಪು ನನ್ನದು," ಎಂದ ರಾಜಶೇಖರ್ ಎದ್ದು ನಿಂತು. "ಹಾಗಂತಲೇ ಹಾಕಿ. ನಾಳೆ ನಾನೇ ಹೋಗಿ ಹೇಳ್ತೀನಿ."

ಮರುದಿನ ಬೆಳಿಗ್ಗೆ ವನಗೂರಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿ ಕೂಗುವ ಹೊತ್ತಿಗೆ, ನೇತ್ರಾವತಿಯ ಎದುರೇ, ಅವನು ಅಷ್ಟೂ ಜನರ ಮುಂದೆ ತಪ್ಪೊಪ್ಪಿಕೊಂಡ. ಮುನಿಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ ಡಬ್ಬಕ್ಕೆ ಯೋಳ್ಬುಡು ಮಾರಾಯ, ಈ ಮನೆ ನಂದೇ ಐತೆ ಅಂತ."

ಎಲ್ಲರೂ ನಕ್ಕರು. ನೇತ್ರಾವತಿ ಮಾತ್ರ ನಗಲಿಲ್ಲ.

ಜೀಪಿನ ಬಳಿ ಅವನು ತಡೆದು ತಡೆದು ಹೇಳಿದ. "ನಿನ್ನೆ ಸುಮ್ಮನಿದ್ದೆ... ನಾಚಿಕೆ ಆಗ್ತಿದೆ. ಆ ಸಾಲು ಬರೆಯುವಾಗ ನಿಮ್ಮನ್ನೇ ನೋಡ್ತಾ ಇದ್ದೆ ನೇತ್ರಾ. ಮೂರು ತಿಂಗಳಿಂದ ಅದೇ ಕೆಲಸ."

"ಇದನ್ನ ಸುಬ್ಬಯ್ಯನವರಿಗೂ ಹೇಳಿದ್ರಾ?"

"ಇಲ್ಲ. ಮೊದಲು ನಿಮಗೆ."

ಅವಳು ಜೀಪು ಹತ್ತಿ, ಪಕ್ಕದಲ್ಲಿ ಜಾಗ ಬಿಟ್ಟು ಕುಳಿತಳು.

"ಇನ್ಮೇಲೆ ನೋಡೋದಾದ್ರೆ," ಎಂದಳು, "ಕೀಬೋರ್ಡ್ ಮೇಲಿಂದ ಕೈ ತೆಗೆದು ನೋಡಿ."