ಮುಚ್ಚಿದ ಗುಂಡಿಯ ಆವಿ

ಉತ್ತರ ನಾರ್ವೆಯ ಲಿಂಗೆನ್ ಬೆಟ್ಟದಲ್ಲಿ ಹಿಮ ಕುಸಿಯುತ್ತದೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಮತ್ತು ಹಿರಿಯ ಜೊತೆಗಾರ್ತಿ ತುರಿದಕ್ಕನ ಕೆಲಸ. ಸೂರ್ಯನೇ ಹುಟ್ಟದ ತಿಂಗಳು. ನಡುಹಗಲಲ್ಲೂ ನೀಲಿ ಮಬ್ಬು. ಕೆಳಗಿನ ರಸ್ತೆ ತೆರೆಯಲಿ ಎಂದು ಊರವರು ಕಾಯುತ್ತಿದ್ದರು. ಹಿಮದ ಪದರಗಳನ್ನು ನೋಡಲು ಬಂಡೆ ತಾಗುವವರೆಗೂ ಗುಂಡಿ ತೋಡಿದೆವು. ಪದರಗಳೆಲ್ಲ ಗಟ್ಟಿಯಾಗಿದ್ದವು. ಗುಂಡಿಯ ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದೇ ಕಡೆ, ಅಂಗೈಯಗಲ, ಗಾಜಿನಂಥ ಮಂಜುಗಡ್ಡೆ.

"ಹಿಮದಡಿ ಸಿಕ್ಕಿಬಿದ್ದೋರ ಬಾಯಿ ಮುಂದೆ ಹೀಗಾಗತ್ತೆ ಕಣೋ ಸಿವರ್ಟ್, ಉಸಿರು ತಾಗಿ ತಾಗಿ," ಎಂದಳು ತುರಿದಕ್ಕ.

"ಈ ವರ್ಷ ಇಲ್ಲಿ ಕುಸಿದೇ ಇಲ್ವಲ್ಲಕ್ಕಾ?"

"ಅದಕ್ಕೇ ಹೇಳ್ತಿರೋದು, ಮುಟ್ಬೇಡ."

ಅಷ್ಟರಲ್ಲಿ ಮುಟ್ಟಿಬಿಟ್ಟಿದ್ದೆ. ಬೆಚ್ಚಗಿತ್ತು.

ತೋಡಿದ ಗುಂಡಿಯನ್ನು ಮುಚ್ಚದೆ ನಮ್ಮ ಕೆಲಸದವರು ಬೆಟ್ಟ ಇಳಿಯುವುದಿಲ್ಲ. ಸಲಿಕೆಯಿಂದ ತಟ್ಟಿ ತಟ್ಟಿ ಮುಚ್ಚಿದೆವು. "ರಸ್ತೆ ವಿಷಯ ನಾಳೆ ನೋಡೋಣ," ಎಂದಳು.

ಮರುದಿನ ಹೋದಾಗ ನಮ್ಮ ಸಲಿಕೆಯ ಗುರುತುಗಳು ಹಾಗೇ ಇದ್ದವು. ನಡುವೆ ಬಾಯಿಯಷ್ಟು ದೊಡ್ಡ ತೂತು. ಅದರಿಂದ ಆವಿ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

"ಕರಡಿ ಮಲಗಿರ್ಬೇಕು," ಎಂದೆ.

"ಬಂಡೆವರೆಗೂ ತೋಡಿದ್ದು ನಾವೇ ಅಲ್ವೇನೋ? ಕರಡಿ ಎಲ್ಲಿತ್ತು?"

ಹೆದರಿ ಉಸಿರು ಬಿಗಿಹಿಡಿದೆ. ಆವಿಯೂ ನಿಂತಿತು. ಎಷ್ಟು ಹೊತ್ತಾದರೂ ಬರಲಿಲ್ಲ.

ತುರಿದಕ್ಕ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಉಸಿರು ಬಿಡೋ ಸಿವರ್ಟ್. ಅದು ಕಾಯ್ತಾ ಇದೆ."