ಭಾನುವಾರ ಸೋಲುವವನು

“ಅಯ್ಯೋ ಸ್ವಾಮೀ... ಸತ್ತೇಹೋದನಾ?”

ಗಂಗಲಕ್ಷ್ಮಿ ಯಾರನ್ನೂ ಕೇಳಿದ್ದಲ್ಲ. ಕೇಳಿದ್ದರೂ ಉತ್ತರ ಕೊಡುವ ವ್ಯವಧಾನ ಯಾರಿಗಿತ್ತು? ಡೇರೆಯೊಳಗಿನ ಸಾವಿರ ಗಂಟಲೂ ಒಂದೇ ಹೆಸರು ಕೂಗುತ್ತಿದ್ದವು.

“ಬಿಜಲಿ! ಬಿಜಲಿ!”

ರಿಂಗಿನ ಹಗ್ಗದ ಮೇಲಿಂದ ಹಾರಿಬಂದ ಆ ಆಳು ಸೀದಾ ಅವಳ ಕಾಲ ಬುಡಕ್ಕೇ ಬಿದ್ದಿದ್ದ. ಬೋರಲು. ಹುಬ್ಬಿನ ಮೇಲೆ ರಕ್ತ. ಅಲುಗಾಟವೇ ಇಲ್ಲ. ಪಕ್ಕದಲ್ಲಿದ್ದ ಸೋದರತ್ತೆ ಪಾಪಕ್ಕ ಕಣ್ಣು ಮುಚ್ಚಿಕೊಂಡು ಆಂಜನೇಯನ ನಾಮ ಜಪಿಸುತ್ತಿದ್ದಳು.

ಮೇಲೆ ರೆಫರಿ ಎಣಿಸುತ್ತಿದ್ದ. “ಮೂರು... ನಾಲ್ಕು...”

ಬಿದ್ದವನ ಒಂದು ಕಣ್ಣು ಮೆಲ್ಲಗೆ ತೆರೆಯಿತು!

“ಸತ್ತಿಲ್ಲ ಕಣ್ರೀ. ನಿಮ್ಮ ಸೆರಗು ನನ್ನ ಮೊಣಕೈ ಕೆಳಗೆ ಸಿಕ್ಕಿಕೊಂಡಿದೆ. ಮೆತ್ತಗೆ ಎಳ್ಕೊಳ್ಳಿ... ನಾನು ಎದ್ರೆ ಹರಿದುಹೋಗುತ್ತೆ.”

“ಏಳು... ಎಂಟು...”

ಗಂಗೆ ಸೆರಗಿಗೆ ಕೈ ಹಾಕಿದಳು. ಎಳೆದರೆ ಬರಲೊಲ್ಲದು, ಬಿಟ್ಟರೆ ಹೊತ್ತು ಮೀರುತ್ತದೆ. ಕಡೆಗೂ ಸೆರಗು ಬಿಡಿಸಿಕೊಳ್ಳುವಷ್ಟರಲ್ಲಿ ರೆಫರಿ “ಹತ್ತು!” ಎಂದ. ಗಂಟೆ ಹೊಡೆಯಿತು. ಬಿಜಲಿ ಗೆದ್ದ.

ಬಿದ್ದವನು ಎದ್ದು ಮೈಯ ಧೂಳು ಕೊಡವಿಕೊಂಡ.

“ಹೊಸ ಸೀರೆ ಅನ್ಸುತ್ತೆ. ಉಳೀತು ಬಿಡಿ,” ಅಂದು ನಕ್ಕು ಹೋಗಿಬಿಟ್ಟ.

‘ನನ್ನ ಸೆರಗಿನ ದೆಸೆಯಿಂದ ಸೋತನಾ?’ ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಅರವತ್ತೆಂಟನೇ ಇಸವಿ. ದೊಡ್ಡಬಳ್ಳಾಪುರದ ಸಂತೆ ಮೈದಾನದಲ್ಲಿ ಎಂಟು ಭಾನುವಾರ ರಿಂಗ್ ಕುಸ್ತಿ ಅಂತ ಊರೆಲ್ಲ ಪೋಸ್ಟರು. ಗಂಗೆಯ ಅಪ್ಪ ಮುನಿವೆಂಕಟಪ್ಪ ಊರಿನ ಗರಡಿಯ ಉಸ್ತಾದ್. ಹೆಂಡತಿ ತೀರಿಹೋದ ಮೇಲೆ ಅವನಿಗೆ ಇದ್ದದ್ದು ಎರಡೇ: ಗರಡಿಯ ಮಣ್ಣು, ಮಗಳು ಗಂಗೆ.

ಬೆಳಗಾದರೆ ಗರಡಿಯ ಜಗಲಿಯ ಮೇಲೆ ಒಂದೇ ವಾದ.

“ಬಿಜಲಿ ಕಣ್ಲಾ! ಬಿಜಲಿ ಬಹದ್ದೂರ್‌ಗಿಂತ ದೊಡ್ಡ ಪೈಲ್ವಾನ್ ಹುಟ್ಟೇ ಇಲ್ಲ!” ಅನ್ನುವವನು ನಾಲ್ಕು ಮಗ್ಗದ ಯಜಮಾನ ಅಪ್ಪಯ್ಯಣ್ಣ.

“ನಿನ್ ಮಗ್ಗದ ಲಾಳಿ ತಲೇಲಿ ಓಡ್ತಿದೆ ಅಷ್ಟೇ,” ಎಂದು ಇಡ್ಲಿ ಹೋಟೆಲಿನ ಸೊಣ್ಣಪ್ಪ ಎಗರುತ್ತಿದ್ದ. “ಪೈಲ್ವಾನ್ ಅಂದ್ರೆ ಹೋದ ವರ್ಷ ಬಂದಿದ್ನಲ್ಲ, ಕಬ್ಬಿಣದ ಕೋಟಯ್ಯ. ಅವನು!”

“ಕೋಟಯ್ಯನಾ! ಎದುರಾಳಿ ಮೇಲೆ ಹೋಗಿ ಕೂತ್ಕೊಳ್ಳೋನು ಪೈಲ್ವಾನೇನೋ? ಅದು ಅಕ್ಕಿ ಮೂಟೆ!”

“ಮೂಟೇನೇ ಆಗ್ಲಿ, ನೀನು ಎತ್ತು ನೋಡನ! ನಿನ್ ಹೆಂಡ್ತಿ ಕೊಡೋ ಕೊಡಪಾನ ಎತ್ತಕ್ಕೇ ಉಸಿರು ಬಿಡ್ತೀಯ!”

ಮುನಿವೆಂಕಟಪ್ಪ ಮಾತ್ರ ಗಂಭೀರ. “ಎಷ್ಟು ಜನರನ್ನ ಕೆಡವಿದ ಅನ್ನೋದಲ್ಲಪ್ಪಾ, ಮಣ್ಣಿಗೆ ಎಷ್ಟು ಬಗ್ಗಿದ ಅನ್ನೋದು. ಆ ಕುಂದಾಣದ ಹುಡುಗ, ಪ್ರತಿ ವಾರ ಸೋಲ್ತಾನಲ್ಲ ಆಂಜಿನಪ್ಪ, ಅವನನ್ನ ನೋಡಿದ್ರಾ? ಪಟ್ಟು ಹಾಕೋ ಮುಂಚೆ ಪ್ರತಿ ಸಲ ಧಪ್ ಧಪ್ ಅಂತ ಎರಡು ಏಟು ತುಳೀತಾನೆ. ಕೊಬ್ಬು! ನಿಂತ ನೆಲಾನ ಒದೆಯೋನು ಹೆತ್ತ ತಾಯಿನ ಒದ್ದ ಹಾಗೆ.”

ಗರಡಿಯ ಕಟ್ಟಳೆ ಹಾಗೇ ಇತ್ತು. ಮಣ್ಣನ್ನು ಮೊದಲು ಕಣ್ಣಿಗೊತ್ತಿಕೊಳ್ಳಬೇಕು, ಆಮೇಲೆ ಕಾಲಿಡಬೇಕು. ಸದ್ದು ಮಾಡಿ ತುಳಿದವನನ್ನು ಉಸ್ತಾದ್ ಕತ್ತು ಹಿಡಿದು ಆಚೆ ಹಾಕುತ್ತಿದ್ದ.

ಆ ಸೆರಗಿನ ಭಾನುವಾರದ ಮಾರನೇ ದಿನ ಬಾಗಿಲಲ್ಲಿ ಅದೇ ಆಂಜಿನಪ್ಪ ಕೈಮುಗಿದು ನಿಂತಿದ್ದ.

“ಉಸ್ತಾದ್, ಈ ಊರಲ್ಲಿರೋವರ್ಗೂ ಬೆಳಗ್ಗೆ ಹೊತ್ತು ಇಲ್ಲಿ ಮಣ್ಣು ಮುಟ್ಟಕ್ಕೆ ಅಪ್ಪಣೆ ಕೊಡ್ತೀರಾ?”

“ತುಳಿಯೋ ಕಾಲಿಗೆ ಇಲ್ಲಿ ಜಾಗ ಇಲ್ಲ.”

“ತುಳಿಯಲ್ಲ.”

ನಿಜ, ತುಳಿಯಲಿಲ್ಲ. ಬಗ್ಗಿ ಮಣ್ಣು ಕಣ್ಣಿಗೊತ್ತಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಅಖಾಡಕ್ಕಿಳಿದ. ಉಸ್ತಾದನ ಐದು ಜನ ಶಿಷ್ಯರನ್ನು ಒಬ್ಬರಾದ ಮೇಲೊಬ್ಬರಂತೆ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಮಲಗಿಸಿಬಿಟ್ಟ! ಒಬ್ಬನಿಗೂ ಒಂದು ಗೀರು ಆಗಲಿಲ್ಲ.

ಬಾದಾಮಿ ಹಾಲಿನ ಚೊಂಬು ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದ ಗಂಗೆಗೆ ಉಸಿರೇ ಮರೆತುಹೋಯಿತು.

“ನಿನ್ನೆ ನಿಮ್ಮನ್ನ ಸೋಲಿಸಿದ್ದು ನನ್ನ ಸೆರಗು... ತಪ್ಪಾಯ್ತು,” ಎಂದಳು ಚೊಂಬು ನೀಡುತ್ತಾ.

“ಸೆರಗೇನು ಮಾಡ್ತು ಪಾಪ? ಅದರ ಹಿಂದಿನ ಭಾನುವಾರಾನೂ ಸೋತಿದ್ದೆ. ಬರೋ ಭಾನುವಾರಾನೂ ಸೋಲ್ತೀನಿ.”

“ಬರೋ ಭಾನುವಾರದ್ದು ಈಗಲೇ ಹೆಂಗೆ ಗೊತ್ತು?”

ಹಾಲನ್ನು ಗುಟುಕು ಗುಟುಕಾಗಿ ಕುಡಿದ, ಮುಗಿಯದೇ ಇರಲಿ ಅನ್ನುವವನ ಹಾಗೆ.

ದಿನ ಕಳೆದವು. ಚೊಂಬು ಕೊಡುವಾಗ ತಗ್ಗಿದ್ದ ಕಣ್ಣು ಮೆಲ್ಲಗೆ ಮೇಲೆದ್ದಿತು. “ರೀ” ಹೋಗಿ “ಗಂಗಾ” ಬಂತು. ಏಳನೇ ಭಾನುವಾರ ಮುಗಿದ ಮೇಲೆ ಕುಂದಾಣದಿಂದ ಆಂಜಿನಪ್ಪನ ತಾಯಿ ದ್ಯಾವಮ್ಮ ಹೂವು, ವೀಳ್ಯದ ತಟ್ಟೆ ಹಿಡಿದು ಬಸ್ಸಿಳಿದಳು.

“ಹೊಲ ಐದೆಕರೆ ಐತೆ ಉಸ್ತಾದ್ರೇ. ಹುಡುಗ ಒಳ್ಳೇನು. ನಿಮ್ಮ ಮಗಳನ್ನ ನಮ್ಮನೆ ಬೆಳಕು ಮಾಡ್ಕೊಡಿ.”

ಮುನಿವೆಂಕಟಪ್ಪ ತಟ್ಟೆ ಮುಟ್ಟಲಿಲ್ಲ. ಆಂಜಿನಪ್ಪನ ಮುಖವನ್ನೇ ನೋಡಿದ.

“ನನ್ನ ಗರಡೀಲಿ ಎಲ್ಲರನ್ನೂ ಎತ್ತಿ ಹಾಕ್ತೀಯ. ರಿಂಗಲ್ಲಿ ಆ ಬಿಜಲಿ ಕೈಲಿ ಪ್ರತಿ ವಾರ ಸೋಲ್ತೀಯ. ಇಲ್ಲಿರೋ ಶಕ್ತಿ ಅಲ್ಲೆಲ್ಲಿ ಹೋಗುತ್ತೆ? ದುಡ್ಡಿಗೆ ಸೋಲ್ತೀಯಾ, ಹೆದರಿ ಸೋಲ್ತೀಯಾ? ಆಂಜನೇಯನ ಮುಂದೆ ಹೇಳು.”



‘ಹೇಳಿ... ಏನಾದರೂ ಹೇಳಿ!’ ಗಂಗೆಯ ಎದೆ ಬಾಗಿಲ ಹಿಂದೆ ಬಡಿದುಕೊಳ್ಳುತ್ತಿತ್ತು.

ಆಂಜಿನಪ್ಪ ತಲೆ ತಗ್ಗಿಸಿದ. “ಅದೊಂದು ಕೇಳ್ಬೇಡಿ ಉಸ್ತಾದ್.”

“ಸರಿ. ಬರೋ ಭಾನುವಾರ ಕಡೇ ಆಟ. ಬಿಜಲಿ ಬೆನ್ನನ್ನ ನೆಲಕ್ಕೆ ತಾಗಿಸು, ಸೋಮವಾರ ಲಗ್ನ ಕಟ್ಟಿಸ್ತೀನಿ. ಇಲ್ಲಾಂದ್ರೆ ನನ್ನ ಮಗಳ ಹೆಸರು ಎತ್ತಬೇಡ!”

ಮಾರನೇ ಬೆಳಗ್ಗೆ ಹಿತ್ತಲ ಬಾವಿಯ ಹತ್ತಿರ ಗಂಗೆ ಅವನನ್ನು ತಡೆದಳು.

“ಗೆಲ್ತೀರಿ ತಾನೆ?”

ಅವನು ಬಾವಿಯ ಹಗ್ಗ ನೋಡುತ್ತಾ ನಿಂತ.

“ಒಂದೇ ಒಂದು ಸಲ... ನನಗೋಸ್ಕರ!”

“ಆಗಲ್ಲ ಗಂಗಾ.”

“ಆಗಲ್ವಾ, ಮನಸ್ಸಿಲ್ವಾ?”

“ಬಿಜಲಿ ಅವರು ನನ್ನ ಗುರು. ಹದಿನಾರು ವರ್ಷದವನಿದ್ದಾಗ ಬೀಳೋದನ್ನ ಕಲಿಸಿದವರು.”

“ಬೀಳೋದನ್ನೂ ಯಾರಾದ್ರೂ ಕಲೀತಾರಾ?”

“ಅದನ್ನೇ ಕಲೀಬೇಕು. ಮಿಕ್ಕಿದ್ದೆಲ್ಲ ಸುಲಭ.”

ಅವಳ ಕಣ್ಣು ತುಂಬಿತು. “ನನಗಿಂತ ಆ ಬಿಜಲಿ ಹೆಚ್ಚಾಗಿಬಿಟ್ನಾ? ಹಂಗಾದ್ರೆ ನಮ್ಮ ಬಾಗಿಲಿಗೆ ಯಾಕೆ ಹೂವು ತಂದ್ರಿ? ಹೋಗಿ... ನನ್ನ ಕಣ್ಮುಂದೆ ನಿಲ್ಬೇಡಿ!”

ಅವನು ತಿರುಗಿ ಹೊರಟುಹೋದ.

‘ಒಂದು ಮಾತೂ ಆಡಲಿಲ್ಲವಲ್ಲ!’ ಕೊಡ ಬಾವಿಯೊಳಗೇ ಬಿತ್ತು. ಅವಳಿಗೆ ಗೊತ್ತೂ ಆಗಲಿಲ್ಲ.

ಕಡೆಯ ಭಾನುವಾರದ ಸಂಜೆ ಡೇರೆಯಲ್ಲಿ ಇರುವೆ ನುಗ್ಗಲೂ ಜಾಗವಿಲ್ಲ. ಬರುವುದಿಲ್ಲ ಅಂದಿದ್ದ ಗಂಗೆ ಪಾಪಕ್ಕನ ಕೈ ಹಿಡಿದು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಹಿಂದಿನ ಸಾಲಿನಲ್ಲಿ ಅಪ್ಪ, ಕಲ್ಲಿನ ಹಾಗೆ.

ಬಿಜಲಿ ಬಹದ್ದೂರ್ ಅನ್ನುವುದು ಪೋಸ್ಟರಿನ ಹೆಸರು. ಹುಟ್ಟಿದ್ದು ಚನ್ನರಾಯಪಟ್ಟಣದ ದೊಡ್ಡಮುನಿಯಪ್ಪನಾಗಿ. ಐವತ್ತು ದಾಟಿದ ಮೈ, ಕರಿ ಹಚ್ಚಿದ ಮೀಸೆ. ಗಂಟೆ ಹೊಡೆಯಿತು.

ಧಪ್ ಧಪ್! ಆಂಜಿನಪ್ಪ ತುಳಿದ. ಬಿಜಲಿ ಸದ್ದಿನ ಕಡೆ ತಿರುಗಿ ತಬ್ಬಿದ.

“ಕೊಬ್ಬು!” ಹಿಂದಿನಿಂದ ಅಪ್ಪನ ದನಿ.

ಗಂಗೆ ಗರಡಿಯಲ್ಲೇ ಬೆಳೆದವಳು. ಕೈಗಿಂತ ಮೊದಲು ಕಾಲು ನೋಡುವ ಕಣ್ಣು ಅವಳದು. ‘ನಮ್ಮ ಮಣ್ಣಿನ ಮೇಲೆ ಒಂದು ದಿನವೂ ಸದ್ದು ಮಾಡದವನು... ಇಲ್ಲಿ ಮಾತ್ರ ಯಾಕೆ ತುಳೀತಾನೆ?’

ಅಷ್ಟರಲ್ಲಿ ಯಾರೋ ಹುಮ್ಮಸ್ಸಿಗೆ ಎಸೆದ ಟವೆಲ್ಲು ನೇರ ಬಿಜಲಿಯ ಮುಖಕ್ಕೇ ಹಾರಿ ಬಂತು.

ಅವನು ತಲೆ ಸರಿಸಲಿಲ್ಲ. ಬಟ್ಟೆ ಮೂಗಿಗೆ ತಾಗುವವರೆಗೂ ರೆಪ್ಪೆ ಬಡಿಯಲಿಲ್ಲ.

ಗಂಗೆಯ ಮೈ ಜುಮ್ಮೆಂದಿತು.

‘ಕಾಣಲ್ಲ... ಅವನಿಗೆ ಕಣ್ಣು ಕಾಣಲ್ಲ!’

ಬಿಜಲಿ ಹಿಂದೆ ಹಿಂದೆ ಸರಿದು ರಿಂಗಿನ ಅಂಚಿಗೆ ಬಂದಿದ್ದ. ಇನ್ನೊಂದು ಹೆಜ್ಜೆ ಇಟ್ಟರೆ ಹಗ್ಗದ ಮೇಲಿಂದ ಆಚೆ. ಧಪ್ ಧಪ್! ಸದ್ದು ಕೇಳಿ ನಿಂತ. ತಿರುಗಿದ. ದಾರಿ ಸಿಕ್ಕವನ ಹಾಗೆ ಮುಂದೆ ಬಂದ.

ಕೊಬ್ಬಲ್ಲ ಅದು. ಕುರುಡು ಗುರುವಿಗೆ ಶಿಷ್ಯ ಹಿಡಿದ ಕೈ!

ಅದೇ ಗಳಿಗೆ ಆಂಜಿನಪ್ಪ ಬಿಜಲಿಯನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಹೊತ್ತುಬಿಟ್ಟ. ಡೇರೆ ಎದ್ದು ನಿಂತಿತು.

“ಹಾಕು! ಎತ್ತಿ ಹಾಕ್ಲಾ!”

“ಹಾಕೋ!” ಎಂಟು ವಾರದಲ್ಲಿ ಮೊದಲ ಸಲ ಮುನಿವೆಂಕಟಪ್ಪ ಕೂಗಿದ. “ಹಾಕು, ನನ್ನ ಮಗಳು ನಿನ್ನೋಳು!”

ಗಮಕಿ ಪದ್ಯದ ಸಾಲೊಂದನ್ನು ಎಳೆದೆಳೆದು, ಕಡೆಯ ಮಾತಿನ ಮುಂಚೆ ನಿಲ್ಲಿಸಿ, ಕೇಳುವವರ ಉಸಿರನ್ನು ತನ್ನ ಮುಷ್ಟಿಯಲ್ಲಿ ಹಿಡಿದಿಡುತ್ತಾನಲ್ಲ... ಹಾಗೆ ನಿಂತಿದ್ದ ಆಂಜಿನಪ್ಪ. ಹೆಗಲ ಮೇಲಿದ್ದ ಮುದುಕನ ಬೆರಳು ಗಾಳಿಯಲ್ಲಿ ಆಸರೆ ತಡಕುತ್ತಿತ್ತು. ನೆಲ ಎಲ್ಲಿದೆ ಎಂದು ಕಾಣದವನು ಬಿದ್ದರೆ ಕತ್ತು ಉಳಿಯುತ್ತದೆಯೇ?

ಆಂಜಿನಪ್ಪನ ಕಣ್ಣು ಗಂಗೆಯನ್ನು ಹುಡುಕಿತು. ಆ ಕಣ್ಣಲ್ಲಿ ನೀರಿತ್ತು. ಕ್ಷಮಿಸು ಅನ್ನುತ್ತಿತ್ತು.

ಗಂಗೆ ತಲೆಯಾಡಿಸಿದಳು. ‘ಬೇಡ. ಹಾಕಬೇಡ. ಸೋಲು... ಸೋಲು ನನ್ನ ದೊರೆ!’

ಅವನು ಮೊಣಕಾಲು ಮಡಚಿದ. ಗುರುವನ್ನು ಎದೆಗೆ ಅವಚಿಕೊಂಡು ತಾನೇ ಕೆಳಗಾಗಿ ಬಿದ್ದ. ಬಿಜಲಿ ಮೇಲೆ, ಆಂಜಿನಪ್ಪ ಕೆಳಗೆ. ಎಣಿಕೆ ಮುಗಿಯಿತು. ಗಂಟೆ.

“ಥೂ!” ಅಂದು ಮುನಿವೆಂಕಟಪ್ಪ ಹೆಗಲ ವಸ್ತ್ರ ಕೊಡವಿ ಹೊರನಡೆದ.

ಗಂಗೆ ಅತ್ತಳು. ಪಾಪಕ್ಕ ದುಃಖ ಅಂದುಕೊಂಡು ಬೆನ್ನು ಸವರಿದಳು. ದುಃಖವಾಗಿರಲಿಲ್ಲ ಅದು!

ಬೆಳಗ್ಗೆ ಡೇರೆ ಬಿಚ್ಚಿ ಲಾರಿಗೆ ಹೇರುತ್ತಿದ್ದರು. ಆಂಜಿನಪ್ಪ ಗರಡಿಯ ಹೊಸ್ತಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ಹೊರಗಿನಿಂದಲೇ ಬಗ್ಗಿ ಮಣ್ಣು ಮುಟ್ಟಿದ.

“ಹೋಗ್ಬರ್ತೀನಿ ಉಸ್ತಾದ್.”

ಮುನಿವೆಂಕಟಪ್ಪ ಮುಖ ತಿರುಗಿಸಿದ. ಜಗಲಿಯ ಮೇಲೆ ಅಪ್ಪಯ್ಯಣ್ಣನೂ ಸೊಣ್ಣಪ್ಪನೂ ಇದ್ದರು.

ಒಳಗಿಂದ ಗಂಗೆ ಬಂದಳು. ಎಲ್ಲರೆದುರು, ನೇರ ಅವನ ಮುಂದೆ.

“ನನಗೆ ಗೊತ್ತಾಯ್ತು,” ಎಂದಳು ಮೆಲ್ಲಗೆ.

“ಏನು?”

“ಎರಡು ಸಲ ಯಾಕೆ ತುಳೀತೀರಿ ಅಂತ.”

ಅವನ ಮುಖದ ಬಣ್ಣ ಇಳಿಯಿತು. “ಗಂಗಾ... ಯಾರಿಗಾದ್ರೂ ಗೊತ್ತಾದ್ರೆ ಅವರನ್ನ ಯಾವ ರಿಂಗಿಗೂ ಹತ್ತಿಸಲ್ಲ. ಅವರಿಗೆ ಬೇರೆ ಬದುಕು ಗೊತ್ತಿಲ್ಲ ಕಣೇ. ಮಾತು ಕೊಟ್ಟಿದೀನಿ.”

“ಬಾವಿ ಹತ್ರ ಬಾಯಿಗೆ ಬಂದಂಗೆ ಅಂದ್ಬಿಟ್ಟೆ...”

“ನೀನು ಅಂದದ್ದಲ್ಲ, ನಾನು ಹೇಳಲಾಗದೆ ಹೋಗಿದ್ದೇ ನೋವು.”

“ಏನು ಗುಸುಗುಸು?” ಮುನಿವೆಂಕಟಪ್ಪ ಎದ್ದು ಬಂದ. “ಏನೇ ಗಂಗೆ, ಏನು ಗೊತ್ತಾಯ್ತು ನಿಂಗೆ? ಇವನ ಮೇಲಿನ ಕಳಂಕ ತೊಳೆಯೋ ಮಾತಿದ್ರೆ ಹೇಳು. ಈಗಲೇ ಲಗ್ನ ಕಟ್ಟಿಸ್ತೀನಿ.”

ಒಂದೇ ಮಾತು. ಹೇಳಿದರೆ ಗಂಡ ಸಿಗುತ್ತಾನೆ, ಮಾನ ಸಿಗುತ್ತದೆ. ಜಗಲಿಯ ಮೇಲಿನ ಎರಡು ಬಾಯಿ ಸಂಜೆಯೊಳಗೆ ಅದನ್ನು ಇಡೀ ಊರಿಗೆ ಹಂಚುತ್ತವೆ.

ಆಂಜಿನಪ್ಪ ಅವಳ ಮುಖ ನೋಡಿದ. ಸಹಿಸಲಾಗಲಿಲ್ಲ. “ನಾನೇ ಹೇಳ್ತೀನಿ ಉಸ್ತಾದ್. ಆ ಬಿಜಲಿ...”

ಗಂಗೆಯ ಅಂಗೈ ಅವನ ಬಾಯಿ ಮುಚ್ಚಿತು. ಹೆತ್ತ ಅಪ್ಪನ ಎದುರಿಗೆ!

“ಬೇಡ.” ಅವಳು ಅಪ್ಪನ ಕಡೆ ತಿರುಗಿದಳು. “ಅಪ್ಪಾ, ನಿಮ್ಮ ಒಪ್ಪಿಗೆ ಇಲ್ದೆ ಈ ಹೊಸ್ತಿಲು ದಾಟಲ್ಲ. ಬೇರೆಯವರಿಗೆ ಕತ್ತು ಒಡ್ಡೋದೂ ಇಲ್ಲ. ಆದ್ರೆ ಇವರು ಸೋತಿದ್ದು ದುಡ್ಡಿಗಲ್ಲ, ಹೆದರಿಕೆಗೂ ಅಲ್ಲ. ಆಂಜನೇಯನಾಣೆ. ಇಷ್ಟೇ.”

ಮುನಿವೆಂಕಟಪ್ಪ ಮಗಳ ಅಂಗೈ ನೋಡಿದ. ಅದರ ಮೇಲಿನ ಹುಡುಗನ ಒದ್ದೆ ಕಣ್ಣು ನೋಡಿದ.

ನಲವತ್ತು ವರ್ಷ ಪಟ್ಟು ಕಲಿಸಿದವನು ಅವನು. ಪ್ರಾಣ ಹೋದರೂ ಬಿಡದ ಪಟ್ಟನ್ನು ಇಂಥ ಇಬ್ಬರ ಕೈಯಲ್ಲಿ, ಒಟ್ಟಿಗೆ, ಅವನು ಕಂಡಿರಲಿಲ್ಲ.

ಅಖಾಡಕ್ಕಿಳಿದು ಒಂದು ಹಿಡಿ ಮಣ್ಣು ತಂದ. ಆಂಜಿನಪ್ಪನ ಹಣೆಗೆ ಬಳಿದ. ಆಮೇಲೆ ಗಂಗೆಯ ಹಣೆಗೆ.

“ದ್ಯಾವಮ್ಮನಿಗೆ ಹೇಳಿ ಕಳ್ಸು. ತಟ್ಟೆ ತಗೊಂಡು ಮತ್ತೆ ಬರಲಿ.”

ಆಂಜಿನಪ್ಪ ಅವನ ಕಾಲಿಗೆ ಬಿದ್ದ. ಈ ಸಲ ಎಬ್ಬಿಸಲು ಯಾರೂ ಎಣಿಸಬೇಕಾಗಿರಲಿಲ್ಲ. ಗಂಗೆಯೇ ತೋಳು ಹಿಡಿದಳು.

“ಸೋತೋನು ಕಣೇ ನಾನು,” ಎಂದ ಅವನು ತಗ್ಗಿದ ದನಿಯಲ್ಲಿ. “ಇನ್ನೂ ಸೋಲ್ತಾನೇ ಇರ್ತೀನಿ. ಪರವಾಗಿಲ್ವಾ?”

“ಸೋಲಿ. ಮನೇಲಿ ಎಣ್ಣೆ ಕಾಯಿಸಿಟ್ಟಿರ್ತೀನಿ.”

ಮುನಿವೆಂಕಟಪ್ಪ ಗಂಟಲು ಸರಿಮಾಡಿಕೊಂಡ. ಜಗಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಮಗಳ ಹತ್ತಿರ ಬಗ್ಗಿದ. ಉಸ್ತಾದನ ಗತ್ತೆಲ್ಲ ಎಲ್ಲಿ ಹೋಯಿತೋ!

“ಗಂಗೆ... ಮದುವೆ ಮಾತು ಮುಗೀತು, ಹಿಂದೆ ತಗೊಳಲ್ಲ. ಈಗ ನನಗೊಬ್ಬನಿಗೆ, ಬರೀ ಕಿವೀಲಿ ಹೇಳ್ಬಿಡೇ. ಇವನು, ಆ ಬಿಜಲಿ, ಇಬ್ಬರಲ್ಲಿ ನಿಜವಾಗ್ಲೂ ಯಾರು ದೊಡ್ಡೋನು? ರಾತ್ರಿ ನಿದ್ದೆ ಬರಲ್ಲ ಕಣೇ ನಂಗೆ!”

ಗಂಗೆ ಗಂಡನಾಗುವವನ ಕಡೆ ನೋಡಿದಳು. ಕಣ್ಣೀರಿನ ನಡುವೆಯೇ ನಗು ಉಕ್ಕಿತು.

“ಇಲ್ಲಪ್ಪಾ,” ಎಂದಳು. “ಹೇಳಲ್ಲ.”