ಸೋತ ಮುಖದ ಟೇಪು

ಪ್ರಶ್ನೆಯನ್ನು ಈಗಲೇ ಬರೆದು ಕಳಿಸಲೇ, ಅವನ ಮುಖ ನೋಡಿದ ಮೇಲೆ ಬರೆಯಲೇ... ಮುಖ ನೋಡಿದರೆ ಕೈ ತಡೆಯಬಹುದೇ? ನಾಲ್ಕು ವರ್ಷ ಕಾದವಳಿಗೆ ಈಗ ಇದೆಂಥ ಅನುಮಾನ?

ಕೊಪ್ಪ ಬಸ್‌ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋ ಮೆಟ್ಟಿಲ ಮೇಲೆ ನೀಲಾಂಬಿಕೆ ನಿಂತೇ ಇದ್ದಳು. ಒಳಗೆ ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಸದ್ದು.

ಕತ್ತರಿ ನಿಂತಿತು.

"ಫೋಟೋ ತೆಗಿಸ್ಬೇಕಿತ್ತಾ?"

ಆ ಧ್ವನಿ!

ಚಾನೆಲ್ಲಿನ ಟೇಪ್ ಕಪಾಟಿನ ಮುಂದೆ ಕೂತು ಅದೆಷ್ಟು ಸಲ ಕೇಳಿದ್ದಳೋ. ಇನ್ನೂ ಸ್ವಲ್ಪ ತಲೆ ತಗ್ಸಿ ವೀರಪ್ಪಣ್ಣ, ಕೈ ಹಣೆ ಮೇಲೆ ಇಟ್ಕಳಿ... ಟೇಪಿನಲ್ಲಿ ಮುಖ ತನ್ನ ಅಪ್ಪನದು. ಧ್ವನಿ ಇವನದು.

"ಬೆಂಗಳೂರಿಂದ ಬಂದಿದೀನಿ. ನೀಲಾ, ಅಸೈನ್‌ಮೆಂಟ್ ಡೆಸ್ಕ್," ಎಂದಳು.

ಸ್ಟುಡಿಯೋ ನಡೆಸುತ್ತಲೇ ಚಾನೆಲ್ಲಿಗೆ ಇಲ್ಲಿನ ಸುದ್ದಿ, ಚಿತ್ರ ಕಳಿಸುತ್ತಿದ್ದ ರೇಣುಕಾಪ್ರಸಾದ್ ಕತ್ತರಿ ಕೆಳಗಿಟ್ಟ. ಅವಳನ್ನು ನೋಡಿದ. ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. ಆಮೇಲೆ ಕುರ್ಚಿಯ ಮೇಲಿದ್ದ ಫೋಟೋಗಳನ್ನು ಎತ್ತಿ ಜಾಗ ಮಾಡಿಕೊಟ್ಟ.

ಇವನೇನಾ? ಇಷ್ಟು ಮೆತ್ತಗಿನ ಮನುಷ್ಯನಾ?

ಎರಡು ಸಾವಿರದ ನಾಲ್ಕರ ಚುನಾವಣೆಯಲ್ಲಿ ಸೀತೂರಿನ ವೀರಪ್ಪ ಪಕ್ಷೇತರರಾಗಿ ನಿಂತಿದ್ದರು. ಆಗ ಇಲ್ಲಿಂದ ಟೇಪು ಬೆಂಗಳೂರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ, ಕಂಡಕ್ಟರ್ ಕೈಯಲ್ಲಿ. ಎಣಿಕೆಯ ದಿನ ಚಿತ್ರ ತೆಗೆದರೆ ಅದು ತಲುಪುವುದು ಮಾರನೆಯ ದಿನ. ಅದಕ್ಕೆ ಚಾನೆಲ್ಲಿನವರು ಒಂದು ದಾರಿ ಕಂಡುಕೊಂಡಿದ್ದರು. ಪ್ರತಿ ಅಭ್ಯರ್ಥಿಯದೂ ಎರಡೆರಡು ಶಾಟ್ ಮುಂಚೆಯೇ ತೆಗೆದು ಕಳಿಸಬೇಕು. ಕೈ ಮುಗಿದು ನಗುವುದೊಂದು, ಗೆದ್ದರೆ ಅಂತ. ತಲೆ ತಗ್ಗಿಸಿ ಕೂತದ್ದೊಂದು, ಸೋತರೆ ಅಂತ.

ಎಣಿಕೆಯ ದಿನ ಮೊದಲ ಸುತ್ತೂ ಮುಗಿದಿರಲಿಲ್ಲ. ಯಾರದೋ ಅವಸರಕ್ಕೆ ವೀರಪ್ಪನವರ ಸೋತ ಮುಖ ಟಿವಿಯಲ್ಲಿ ಬಂದೇಬಿಟ್ಟಿತು. ಮಧ್ಯಾಹ್ನ ಅವರು ಸೋತದ್ದು ನಿಜ. ಆದರೆ ಊರವರಿಗೆ ನೆನಪು ಉಳಿದದ್ದು ಬೆಳಗಿನ ಆ ಮುಖ. ಓಟು ಎಣಿಸುವ ಮೊದಲೇ ಅಳಲು ಕೂತ ಮನುಷ್ಯ ದುಡ್ಡು ತಗೊಂಡೇ ಸೋತಿರಬೇಕು ಎಂದು ಜನ ಆಡಿಕೊಂಡರು. ಬಾಳೆಹೊನ್ನೂರಿನಲ್ಲಿ, ಕೊಪ್ಪದಲ್ಲಿ, ಅವರನ್ನು ಕಂಡರೆ ಸಾಕು, ನಮಸ್ಕಾರದ ಬದಲು ಹಣೆಯ ಮೇಲೆ ಕೈ ಇಟ್ಟು ತೋರಿಸುವುದು ಒಂದು ತಮಾಷೆಯಾಯಿತು.

ವೀರಪ್ಪ ಸಂತೆಗೆ ಹೋಗುವುದು ಬಿಟ್ಟರು. ಮದುವೆಗಳಿಗೆ ಹೋಗುವುದು ಬಿಟ್ಟರು. ಆ ಸ್ಟುಡಿಯೋದವನು ಒತ್ತಾಯ ಮಾಡಿ ಕೂರಿಸಿದ ಎಂದು ಮನೆಯಲ್ಲಿ ನೆಂಟರ ಎದುರು ಒಂದೇ ಒಂದು ಸಲ ಹೇಳಿದ್ದರು. ಮಾತು ಊರಿಗೂ ಹಬ್ಬಿತು. ಅಷ್ಟು ಸಾಕಿತ್ತು. ಪತ್ರಿಕೋದ್ಯಮ ಓದುತ್ತಿದ್ದ ಮಗಳು ಹುಡುಕಿಕೊಂಡು ಹೋಗಿ ಅದೇ ಚಾನೆಲ್ಲಿಗೇ ಸೇರಿದಳು.

ಟೇಪು ಹಾಕಿದವನು ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಉಳಿದವನು ಇವನೊಬ್ಬ.

ಈಗ ಎರಡು ಸಾವಿರದ ಎಂಟರ ಮೇ. ಎಣಿಕೆ ಚಿಕ್ಕಮಗಳೂರಿನಲ್ಲಿ. ನೇರಪ್ರಸಾರದ ವ್ಯಾನ್ ಅಲ್ಲೇ ನಿಲ್ಲಬೇಕು ಎಂದು ವರದಿಗಾರರಿಗೆ ಕೆಲಸ ಹಂಚುವ ಅವಳ ಡೆಸ್ಕಿನ ಮುಖ್ಯಸ್ಥ ಚಂದ್ರಶೇಖರ ಹೇಳಿದ್ದರು. ನೀಲಾಂಬಿಕೆ ಮೂರು ಮೀಟಿಂಗುಗಳಲ್ಲಿ ವಾದಿಸಿ, ಎಣಿಕೆ ಅಲ್ಲಾದರೂ ಓಟು ಹಾಕಿದ ಜನ ಇರುವುದು ಇಲ್ಲಿ ಎಂದು ಒಪ್ಪಿಸಿ, ಎರಡನೆಯ ವ್ಯಾನನ್ನು ಕೊಪ್ಪಕ್ಕೆ ತರಿಸಿದ್ದಳು. ಅವಳಿಗೆ ಬೇಕಿದ್ದದ್ದು ಜನರ ಮಾತಲ್ಲ. ಇದೇ ಬಸ್‌ಸ್ಟ್ಯಾಂಡಿನಲ್ಲಿ, ಇದೇ ಜನರ ಎದುರು, ಇವನು ತಲೆ ತಗ್ಗಿಸುವುದನ್ನು ಇಡೀ ರಾಜ್ಯ ನೋಡಬೇಕಿತ್ತು.

ಆ ಪ್ರಶ್ನೆಗೊಂದು ಜಾಗ ಮಾತ್ರ ಬಾಕಿ. ಎಣಿಕೆಯ ದಿನ ಯಾವ ನಿಮಿಷಕ್ಕೆ ಯಾವ ಊರು, ನಿರೂಪಕ ಯಾರಿಗೆ ಯಾವ ಪ್ರಶ್ನೆ ಕೇಳಬೇಕು, ಎಲ್ಲವೂ ಅವಳೇ ಬರೆಯುವ ಪಟ್ಟಿಯಲ್ಲಿರುತ್ತದೆ.

ಮೂರು ದಿನ ಅವನ ಬೈಕಿನಲ್ಲಿ ಸುತ್ತಬೇಕಾಯಿತು. ಫೋನಿನಲ್ಲಿ ವರದಿ ಕೊಡಲು ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಗುರುತು ಹಾಕಿಕೊಳ್ಳುವ ಕೆಲಸ. ಕಮ್ಮರಡಿಯಲ್ಲಿ ಸೊಸೈಟಿಯ ಕಟ್ಟೆ. ಮೆಣಸೆಯಲ್ಲಿ ಶಾಲೆಯ ಹಿಂದಿನ ಬಂಡೆ. ಅದರ ಮೇಲೆ ಹತ್ತಿ ಅವಳ ಫೋನನ್ನು ಎತ್ತಿ ಹಿಡಿದು, ಎರಡು ಕಡ್ಡಿ ಬಂತು, ಹತ್ತಿ ಬನ್ನಿ ಎಂದು ಅವನು ಕೈ ಚಾಚಿದ್ದ. ಅವಳು ಕೈ ಕೊಡಲಿಲ್ಲ. ತಾನೇ ಹತ್ತಿ ಮೊಣಕಾಲು ತರಚಿಕೊಂಡಳು. ಅವನು ಕ್ಯಾಮೆರಾ ಚೀಲದಿಂದ ಅರಳೆ ತೆಗೆದುಕೊಟ್ಟು ಆಚೆ ತಿರುಗಿ ನಿಂತ.

ಕಮ್ಮರಡಿಯಲ್ಲಿ ಅಭ್ಯರ್ಥಿಯೊಬ್ಬರ ಹೆಂಡತಿ ಮಾತಿನ ಮಧ್ಯೆ ಕಣ್ಣು ತುಂಬಿಕೊಂಡಾಗ ಅವನು ಲೆನ್ಸಿಗೆ ಮುಚ್ಚಳ ಹಾಕಿಬಿಟ್ಟಿದ್ದ. ಒಳ್ಳೆಯ ಶಾಟ್ ಹೋಯಿತಲ್ಲ ಎಂದು ಅವಳು ಸಿಡುಕಿದರೆ, ಅದು ಶಾಟ್ ಅಲ್ಲ ಮೇಡಂ ಎಂದಿದ್ದ. ಅಷ್ಟೇ.

ದ್ವೇಷಿಸುವುದಕ್ಕೆ ಇವನು ಸ್ವಲ್ಪವಾದರೂ ಸಹಾಯ ಮಾಡಬಾರದೇ...

ಎರಡನೆಯ ಸಂಜೆ ಅಭ್ಯರ್ಥಿಗಳ ಟೇಪುಗಳನ್ನು ನೋಡಿದಳು. ಎಲ್ಲರೂ ಕೈ ಮುಗಿದು ನಗುತ್ತಿದ್ದರು. ಸೋತರೆ ಹಾಕುವ ಶಾಟ್ ಒಂದೂ ಇರಲಿಲ್ಲ.

"ಸೋತ ಮುಖ ಸೋತ ಮೇಲೆ ತೆಗಿತೀನಿ. ಅವ್ರನ್ನ ಕೇಳಿ ತೆಗಿತೀನಿ," ಎಂದ ರೇಣುಕಾಪ್ರಸಾದ್. ಡೆಸ್ಕಿನಿಂದ ಬೈಗುಳ ಬರುವುದು ಅವನಿಗೆ ರೂಢಿಯಾಗಿತ್ತಂತೆ.

ಹಾಗಾದರೆ ತಪ್ಪಿನ ಅರಿವು ಇದೆ! ಅರಿವಿದ್ದೂ ನಾಲ್ಕು ವರ್ಷದಲ್ಲಿ ಒಂದು ದಿನ ಸೀತೂರಿನ ಮನೆಗೆ ಬಂದು ತಪ್ಪಾಯಿತು ಎನ್ನಲಿಲ್ಲ...

ಮೂರನೆಯ ದಿನ ಅವನು ಬೈಕ್ ನಿಲ್ಲಿಸಿ, ಸೀತೂರೊಂದು ಉಳೀತಲ್ಲ ಎಂದ. ಅವಳು ಬೇಡ ಎಂದಳು.

"ಮನೆ ಹತ್ರ ಬಂದು ಹೋಗ್ದೇ ಇದ್ರೆ ವೀರಪ್ಪಣ್ಣ ಬೇಜಾರು ಮಾಡ್ಕಳಲ್ವಾ?"

ಅವಳು ಬೈಕಿನಿಂದ ಇಳಿದು ನಿಂತಳು. "ಯಾವಾಗ ಗೊತ್ತಾಯ್ತು?"

"ಮೊದಲ ದಿನವೇ. ಕಣ್ಣು ಅವ್ರದ್ದೇ ನಿಮ್ದು."

ಅವಳು ಕಾದಳು. ಈಗ ಹೇಳುತ್ತಾನೆ. ಒಂದು ಮಾತು... ಕ್ಷಮಿಸಿ ಅನ್ನಲಿ, ಬೇಕಾದರೆ ಸುಳ್ಳನ್ನೇ ಹೇಳಲಿ. ಅವನ ಬಾಯಿಂದ ಏನಾದರೂ ಬಂದರೆ ಆ ಪ್ರಶ್ನೆ ಬರೆಯದೇ ಇರುವುದಕ್ಕೆ ತನಗೊಂದು ಕಾರಣ ಸಿಗುತ್ತದೆ. ಆ ಕಾರಣ ಸಿಗಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಹೊಳೆದು ಮೈ ಉರಿಯಿತು.

ಅವನು ಸಿಗ್ನಲ್ಲಿನ ಜಾಗ ಗುರುತು ಹಾಕಿದ್ದ ಹಾಳೆ ಮಡಚಿ ಜೇಬಿಗಿಟ್ಟು ಬೈಕಿನ ಕಿಕ್ಕರ್ ಒದ್ದ.

ಅಂದೇ ಮಧ್ಯಾಹ್ನ ಅವಳು ಬೆಂಗಳೂರಿಗೆ ಪ್ರಶ್ನೆ ಕಳಿಸಿದಳು. ಹತ್ತು ನಲವತ್ತಕ್ಕೆ, ಕೊಪ್ಪ. 'ನಾಲ್ಕು ವರ್ಷದ ಹಿಂದೆ ಒಬ್ಬ ಅಭ್ಯರ್ಥಿಯನ್ನು ನೀವೇ ಕೂರಿಸಿ ಸೋಲಿನ ನಾಟಕ ಆಡಿಸಿದ್ದು ನಿಜವೇ?'

ನಮ್ಮ ತಪ್ಪನ್ನು ನಾವೇ ಒಪ್ಪಿಕೊಂಡಂತೆ, ಚೆನ್ನಾಗಿ ಓಡುತ್ತದೆ ಎಂದರು ಚಂದ್ರಶೇಖರ.

ಎಣಿಕೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ವ್ಯಾನಿನ ಸುತ್ತ ಜನವೋ ಜನ. ಪಕ್ಕದ ಹೋಟೆಲಿನ ಕಮಲಕ್ಕ ಟಿವಿಯನ್ನು ಬೀದಿಗೆ ತಿರುಗಿಸಿ ಇಟ್ಟಿದ್ದಳು. ರೇಣುಕಾಪ್ರಸಾದ್ ಮೈಕ್ ಹಿಡಿದು ನಿಂತಿದ್ದ. ನೀಲಾಂಬಿಕೆ ವ್ಯಾನಿನ ಒಳಗೆ, ಅವನ ಮುಖ ಕಾಣುವ ಪರದೆಯ ಮುಂದೆ.

ಹತ್ತು ನಲವತ್ತು. ನಿರೂಪಕ ಸುತ್ತುಗಳ ಲೆಕ್ಕ ಕೇಳಿದ. ಆಮೇಲೆ ಆ ಪ್ರಶ್ನೆ.

ಅವನು ನೇರವಾಗಿ ಕ್ಯಾಮೆರಾ ನೋಡಿದ.

"ಹೌದು," ಎಂದ. "ತಲೆ ತಗ್ಸಿ ಅಂದಿದ್ದು ನಾನೇ. ಅವ್ರದ್ದೇನೂ ತಪ್ಪಿಲ್ಲ."

ಗುಂಪಿನಲ್ಲಿ ಯಾರೋ ಹೋ ಎಂದರು. ಒಬ್ಬ ಹಣೆಯ ಮೇಲೆ ಕೈ ಇಟ್ಟು ಅವನ ಕಡೆ ಬಗ್ಗಿದ. ಇನ್ನೊಬ್ಬ ಅದನ್ನೇ ಮಾಡಿದ. ಅವನು ಮೈಕ್ ಇಳಿಸದೆ ನಿಂತೇ ಇದ್ದ.

ಆಯಿತು. ಬಯಸಿದ್ದೆಲ್ಲ ಆಯಿತು... ಮತ್ತೆ ಇದು ಯಾಕೆ ಗೆಲುವು ಅನ್ನಿಸುತ್ತಿಲ್ಲ?

ಫೋನ್ ಬಡಿದುಕೊಂಡಿತು. ಅಪ್ಪ.

"ನೀಲಾ, ಆ ಪ್ರಶ್ನೆ ನೀನು ಬರ್ದಿದ್ದಾ?"

"ಹೌದು ಅಪ್ಪಾಜಿ. ನಿಮಗೋಸ್ಕರ."

ತಾಯಿ ದಾಕ್ಷಾಯಣಮ್ಮ ಹಿಂದಿನಿಂದ, ಇವತ್ತಾದ್ರೂ ಹೇಳಿಬಿಡಿ ಎನ್ನುತ್ತಿದ್ದದ್ದು ಕೇಳಿಸಿತು.

"ಆ ಹುಡುಗ ಬ್ಯಾಡ ಅಂದ ಮಗಾ," ಎಂದರು ವೀರಪ್ಪ. "ಸೋತಿದ್ದು ತೆಗಿಯಲ್ಲ, ನಗೋದೊಂದು ಸಾಕು ಅಂದ. ನಾನೇ ಹಟ ಹಿಡ್ದೆ. ಸೋತ ದಿನ ಕ್ಯಾಮೆರಾ ಮುಂದೆ ಕೂರಕ್ಕೆ ನನ್ ಕೈಲಾಗಲ್ಲ, ಇವತ್ತೇ ತೆಗ್ದಿಟ್ಕ ಅಂದೆ. ಆಮೇಲೆ ಊರು ನಗಕ್ಕೆ ಹತ್ತಿತು. ಯಾರ್ದಾದ್ರೂ ಹೆಸ್ರು ಹೇಳ್ಬೇಕಿತ್ತು. ಹೇಳ್ದೆ."

ಪರದೆಯ ಮೇಲೆ ಅವನ ಮುಖ ಇನ್ನೂ ಇತ್ತು. ನೀಲಾಂಬಿಕೆ ಅದನ್ನು ನೋಡಲಾರದೆ ಕಣ್ಣು ಮುಚ್ಚಿದಳು. ಅಪ್ಪನ ಆ ಮಾತು ಹಬ್ಬಿದ ಮೇಲೆ ಈ ಊರಲ್ಲಿ ಇವನನ್ನು ಮದುವೆ ವಿಡಿಯೋಕ್ಕೆ ಯಾರೂ ಕರೆಯುವುದಿಲ್ಲ ಎಂದು ಬಂದ ದಿನವೇ ಕಮಲಕ್ಕ ಹೇಳಿದಾಗ ತಾನು ಸಂತೋಷಪಟ್ಟಿದ್ದೆನಲ್ಲ...

"ಅಪ್ಪಾಜಿ, ಕೊಪ್ಪಕ್ಕೆ ಬನ್ನಿ," ಎಂದಳು. ಅವಳ ಧ್ವನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ಈಗಲೇ. ನೀವೇ ಬರಬೇಕು."

ಬೆಂಗಳೂರಿಗೆ ಫೋನ್ ಮಾಡಿ ಮಧ್ಯಾಹ್ನ ಒಂದು ನಿಮಿಷ ಬೇಕೆಂದು ಕೇಳಿದಳು. ಸರ್ಕಾರ ಯಾರದೆಂದು ತೀರ್ಮಾನವಾಗುವ ಹೊತ್ತಿನಲ್ಲಿ ನಾಲ್ಕು ವರ್ಷದ ಹಿಂದೆ ಸೋತವರ ಮಾತು ಯಾರಿಗೆ ಬೇಕು ಎಂದು ಚಂದ್ರಶೇಖರ ರೇಗಿದರು. ಬೇಡದಿದ್ದರೆ ಇಲ್ಲಿನ ವಿಜಯೋತ್ಸವದ ಒಂದು ಚಿತ್ರವೂ ನಿಮಗೆ ಸಿಗುವುದಿಲ್ಲ, ನಾನೇ ಕೇಬಲ್ ಕಿತ್ತು ಕೂರುತ್ತೇನೆ ಎಂದಳು ಇವಳು. ಕೊನೆಗೆ ನಲವತ್ತು ಸೆಕೆಂಡು ಸಿಕ್ಕಿತು.

ಹನ್ನೆರಡೂವರೆಯ ಬಸ್ಸಿನಿಂದ ವೀರಪ್ಪ ಇಳಿದರು. ನಾಲ್ಕು ವರ್ಷದ ಮೇಲೆ ಆ ಬಸ್‌ಸ್ಟ್ಯಾಂಡಿನಲ್ಲಿ ಅವರ ಕಾಲು. ಜನ ದಾರಿ ಬಿಟ್ಟರು. ಅವರು ನೆಟ್ಟಗೆ ಹೋಗಿ ರೇಣುಕಾಪ್ರಸಾದನ ಮುಂದೆ ನಿಂತು, ಕ್ಯಾಮೆರಾ ಹಾಕು ಮಾರಾಯ ಎಂದರು.

ಅವನು ಅವರ ಮುಖ ನೋಡಿದ. ಬ್ಯಾಟರಿ ಹೋಗಿದೆ ವೀರಪ್ಪಣ್ಣ, ಮನೆಗೆ ಹೋಗಿ ಎಂದ.

"ಬ್ಯಾಟರಿ ಇದೆ," ಎಂದಳು ನೀಲಾಂಬಿಕೆ. ಕ್ಯಾಮೆರಾ ಅವಳೇ ಹಿಡಿದಳು.

"ಕೂತಿದ್ದು ನಾನು," ಎಂದರು ವೀರಪ್ಪ, ತಲೆ ಎತ್ತಿ. "ಕೂರ್ಸು ಅಂದಿದ್ದೂ ನಾನೇ. ನಾಲ್ಕು ವರ್ಷ ಇವ್ನ ಹೆಸರು ಹಾಳು ಮಾಡಿದ್ದೂ ನಾನೇ. ಓಟಲ್ಲಿ ಸೋತಿದ್ದು ಆವತ್ತು. ಮನುಷ್ಯನಾಗಿ ಸೋತಿದ್ದು ಅದಾದ್ಮೇಲೆ."

ಹಣೆಗೆ ಹೋಗಿದ್ದ ಕೈಗಳೆಲ್ಲ ಎಲ್ಲಿಡುವುದೆಂದು ತಿಳಿಯದೆ ಜೇಬು ಸೇರಿದವು. ಕಮಲಕ್ಕ ಮಾತ್ರ ಹೋಟೆಲ್ ಬಾಗಿಲಿಂದ, "ಮುಗೀತಲ್ಲ ವೀರಪ್ಪಣ್ಣ, ಕಾಪಿ ಆರ್ತಾ ಇದೆ" ಎಂದಳು.

ಸಂಜೆ ಮೆರವಣಿಗೆ ಮುಂದೆ ಹೋದ ಮೇಲೆ ಬಸ್‌ಸ್ಟ್ಯಾಂಡ್ ಖಾಲಿಯಾಯಿತು. ಅವನು ಕೇಬಲ್ ಸುತ್ತುತ್ತಿದ್ದ. ಅವಳು ಇನ್ನೊಂದು ತುದಿ ಹಿಡಿದುಕೊಂಡಳು.

"ಯಾಕೆ ಹೇಳ್ಲಿಲ್ಲ?"

"ಅವರ ಮರ್ಯಾದೆ ಹೋಗಿತ್ತು. ನಂದು ಹೋಗಿದ್ದು ಬರೀ ಮದುವೆ ವಿಡಿಯೋ."

ಅವಳಿಗೆ ನಗು ಬರಬೇಕಿತ್ತು. ಅಳು ಬಂತು. ಅವನು ನೋಡಿದ, ಮುಖ ತಿರುಗಿಸಲಿಲ್ಲ. ಈ ಸಲ ಹತ್ತಿರ ಬಂದ.

"ನನ್ನ ಮೇಲೆ ಸೇಡು ತೀರಿಸ್ಕಳಿ," ಎಂದಳು. "ನಾನು ಬೇಡ ಅನ್ನಲ್ಲ."

"ತೀರಿಸ್ಕತೀನಿ. ಅವಸರ ಮಾಡಲ್ಲ," ಎಂದ ರೇಣುಕಾಪ್ರಸಾದ್. "ಒಂದು ನಲವತ್ತು ವರ್ಷ ಬೇಕಾಗತ್ತೆ. ಇರ್ತೀರಾ?"

"ಇರ್ತೀನಿ..."

ಮುಂದಿನ ವರ್ಷ ಅವರ ಮದುವೆಯಾಯಿತು. ಎಣಿಕೆಯ ದಿನಕ್ಕೆ ಅವಳು ಬರೆದಿದ್ದ ಆ ಪಟ್ಟಿಯ ಒಂದು ಪ್ರತಿ, ಪ್ರಶ್ನೆಯ ಸಮೇತ, ಎಣಿಕೆಯ ಹಿಂದಿನ ಸಂಜೆಯೇ ಡೆಸ್ಕಿನಿಂದ ಸ್ಟುಡಿಯೋದ ಫ್ಯಾಕ್ಸಿಗೆ ಬಂದಿತ್ತೆಂದೂ, ಪೂರ್ತಿ ಓದಿಕೊಂಡೇ ಬೆಳಿಗ್ಗೆ ಮೈಕ್ ಹಿಡಿದು ನಿಂತೆನೆಂದೂ ಅವನು ಅವಳಿಗೆ ಎಂದೂ ಹೇಳಲಿಲ್ಲ.